ಪದವಿ ಪತ್ರದ ಬೆನ್ನು

ಪದವಿ ಪತ್ರ ಅಂದರೆ ನಮಗೆ ನೆನಪಾಗುವುದು ಅದರ ಮುಖ. ಮೇಲೆ ವಿಶ್ವವಿದ್ಯಾಲಯದ ಲಾಂಛನ, ನಡುವೆ ದಪ್ಪಕ್ಷರದ ಹೆಸರು, ಗಳಿಸಿದ ದರ್ಜೆ, ಕೆಳಗೆ ಕುಲಪತಿಗಳ ಸಹಿ. ಫ್ರೇಮು ಹಾಕಿಸಿ ಗೋಡೆಗೆ ತೂಗುಹಾಕುವುದೂ ಆ ಮುಖವನ್ನೇ. ಆದರೆ ದುಬೈಯಲ್ಲೋ ಶಾರ್ಜಾದಲ್ಲೋ ಪಾಠ ಹೇಳುವ ಮೇಷ್ಟ್ರೊಬ್ಬರ ಪದವಿ ಪತ್ರ ಕೈಗೆ ಸಿಕ್ಕರೆ ಅದನ್ನು ಮಗುಚಿ ನೋಡಿ. ಒಂದು ಮೂಲೆಯಲ್ಲಿ ರಾಜ್ಯ ಸರ್ಕಾರದ ಅಧೀನ ಕಾರ್ಯದರ್ಶಿಯ ಠಸ್ಸೆ, ಅದರ ಮೇಲೆ ಅರ್ಧ ಹರಿದಾಡಿದ ಸಹಿ. ಪಕ್ಕದಲ್ಲಿ ವಿದೇಶಾಂಗ ಸಚಿವಾಲಯದ ಮೊಹರು. ಕೆಳಗೆ ಯುಎಇ ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ಆ ದೇಶದ ವಿದೇಶಾಂಗ ಇಲಾಖೆಯ ಮುದ್ರೆ. ಕಾಗದದ ಮುಖಕ್ಕಿಂತ ಬೆನ್ನೇ ಹೆಚ್ಚು ಮಾತಾಡುತ್ತಿರುತ್ತದೆ.

ಈ ಮುದ್ರೆಗಳು ಏನು ಹೇಳುತ್ತವೆ ಎನ್ನುವುದನ್ನು ತುಂಬ ಜನ ತಪ್ಪು ತಿಳಿದುಕೊಂಡಿರುತ್ತಾರೆ. ‘ಈ ಮನುಷ್ಯ ಬಿ.ಎಸ್ಸಿ. ಓದಿದ್ದಾನೆ, ಬುದ್ಧಿವಂತ’ ಎಂದು ಒಂದು ಮುದ್ರೆಯೂ ಹೇಳುವುದಿಲ್ಲ. ರಾಜ್ಯ ಇಲಾಖೆಯ ಠಸ್ಸೆಯ ಅರ್ಥ ಇಷ್ಟೇ: ವಿಶ್ವವಿದ್ಯಾಲಯ ಈ ಕಾಗದ ತನ್ನದು ಎಂದು ಒಪ್ಪಿಕೊಂಡಿದೆ. ವಿದೇಶಾಂಗ ಸಚಿವಾಲಯದ ಮೊಹರಿನ ಅರ್ಥ: ಆ ಅಧೀನ ಕಾರ್ಯದರ್ಶಿಯ ಸಹಿ ನಮ್ಮಲ್ಲಿರುವ ಮಾದರಿ ಸಹಿಗೆ ಹೊಂದುತ್ತದೆ. ರಾಯಭಾರ ಕಚೇರಿಯದು: ಭಾರತದ ವಿದೇಶಾಂಗ ಸಚಿವಾಲಯದ ಮೊಹರು ಸರಿಯಾಗಿದೆ. ದುಬೈಯ ಕೊನೆಯ ಮುದ್ರೆ: ದೆಹಲಿಯ ನಮ್ಮ ರಾಯಭಾರ ಕಚೇರಿಯ ಸಹಿ ನಿಜ. ಒಬ್ಬರ ಸಹಿಗೆ ಇನ್ನೊಬ್ಬರ ಸಹಿ, ಆ ಸಹಿಗೆ ಮತ್ತೊಬ್ಬರ ಸಹಿ. ನಡುವಿನ ಯಾರೂ ನಿಮ್ಮ ಅಂಕಪಟ್ಟಿ ಬಿಡಿಸಿ ಓದುವುದಿಲ್ಲ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಸರಪಳಿಯ ಒಂದು ಕೊಂಡಿ ಹಾರಿಸಿ ಮುಂದಕ್ಕೆ ಹೋಗಲು ಬರುವುದಿಲ್ಲ. ‘ಹೇಗೂ ದೆಹಲಿಯಲ್ಲಿ ಗೊತ್ತಿರುವವರಿದ್ದಾರೆ, ನೇರ ರಾಯಭಾರ ಕಚೇರಿಗೇ ಕೊಡೋಣ’ ಎಂದರೆ ಕಾಗದ ಹೋದಷ್ಟೇ ವೇಗದಲ್ಲಿ ವಾಪಸು ಬರುತ್ತದೆ. ಅವರು ಹುಡುಕುವುದು ತಮಗಿಂತ ಒಂದು ಮೆಟ್ಟಿಲು ಕೆಳಗಿನ ಸಹಿಯನ್ನು. ಅದಿಲ್ಲದಿದ್ದರೆ ಅವರಿಗೆ ಹೋಲಿಸಲು ಏನೂ ಇಲ್ಲ.

ಹಾಗಾಗಿ ಕೆಲಸ ಕೆಡುವುದು ಬಹುತೇಕ ದೆಹಲಿಯಲ್ಲಲ್ಲ, ದುಬೈಯಲ್ಲೂ ಅಲ್ಲ. ತೀರಾ ಕೆಳಗಿನ ಮೆಟ್ಟಿಲಲ್ಲಿ: ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗದಲ್ಲಿ, ಮತ್ತು ಹತ್ತನೇ ತರಗತಿಯಲ್ಲಿ ಯಾರೋ ಬರೆದ ನಿಮ್ಮ ಹೆಸರಿನ ಕಾಗುಣಿತದಲ್ಲಿ.

ಅಲ್ಲಿಗೆ ಹೋಗುವ ಮೊದಲು ಮೂರು ಪದಗಳನ್ನು ಬೇರೆಬೇರೆ ಮಾಡಿಟ್ಟುಕೊಳ್ಳಬೇಕು. ಶಾಲೆಯ ಎಚ್‌ಆರ್‌ನವರು ಇಮೇಲಿನಲ್ಲಿ ಮೂರನ್ನೂ ಕಲಸಿ ಬರೆಯುತ್ತಾರೆ. ಅಟೆಸ್ಟೇಶನ್ ಅಂದರೆ ಮೇಲೆ ಹೇಳಿದ ಸಹಿಗಳ ಸರಪಳಿ. ವೆರಿಫಿಕೇಶನ್ ಅಂದರೆ ಮೂರನೆಯವರೊಬ್ಬರು ನೇರವಾಗಿ ವಿಶ್ವವಿದ್ಯಾಲಯಕ್ಕೆ ಬರೆದು ‘ಈ ರಿಜಿಸ್ಟರ್ ನಂಬರಿನವರು ನಿಮ್ಮಲ್ಲಿ ಓದಿದ್ದು ಹೌದೇ’ ಎಂದು ಕೇಳಿ ಉತ್ತರ ಪಡೆಯುವುದು. ಗಲ್ಫಿನಲ್ಲಿ ಡೇಟಾಫ್ಲೋ, ಕ್ವಾಡ್ರಾಬೇ ಎಂಬ ಹೆಸರು ಕೇಳಿಬಂದರೆ ಅದು ಈ ಕೆಲಸ. ಈಕ್ವಿವೆಲೆನ್ಸಿ ಅಂದರೆ ತತ್ಸಮಾನತೆ: ನಿಮ್ಮ ಮೂರು ವರ್ಷದ ಬಿ.ಎ. ತಮ್ಮ ದೇಶದ ಯಾವ ಮಟ್ಟಕ್ಕೆ ಸಮ ಎಂದು ಅಲ್ಲಿನ ಸಚಿವಾಲಯ ತೀರ್ಮಾನಿಸುವುದು. ಅಟೆಸ್ಟೇಶನ್ ಸಹಿಯನ್ನು ನೋಡುತ್ತದೆ, ವೆರಿಫಿಕೇಶನ್ ಕಾಗದ ಅಸಲಿಯೋ ಎಂದು ನೋಡುತ್ತದೆ, ಈಕ್ವಿವೆಲೆನ್ಸಿ ಓದಿನ ತೂಕ ನೋಡುತ್ತದೆ. ಒಂದು ಮುಗಿದರೆ ಇನ್ನೊಂದು ಮುಗಿದಂತಲ್ಲ. ನಾಲ್ಕೂ ಮುದ್ರೆ ಬಿದ್ದ ಪದವಿಯನ್ನು ತತ್ಸಮಾನತೆಯ ಹಂತದಲ್ಲಿ ‘ದೂರಶಿಕ್ಷಣ’ ಎಂಬ ಒಂದೇ ಕಾರಣಕ್ಕೆ ನಿಲ್ಲಿಸುವುದುಂಟು. ಆದ್ದರಿಂದ ಕೆಲಸ ಕೊಡುವ ಶಾಲೆಗೆ ಮೊದಲು ಕೇಳಬೇಕಾದ ಪ್ರಶ್ನೆ ‘ಅಟೆಸ್ಟೇಶನ್ ಬೇಕೇ’ ಎಂದಲ್ಲ. ಮೂರರಲ್ಲಿ ಯಾವ ಯಾವುದು ಬೇಕು, ಯಾವ ಕಾಗದಗಳಿಗೆ ಬೇಕು, ಪದವಿ ಪತ್ರಕ್ಕೆ ಮಾತ್ರವೋ, ಬಿ.ಎಡ್.ಗೂ, ಅಂಕಪಟ್ಟಿಗಳಿಗೂ ಸೇರಿಯೋ. ಉತ್ತರವನ್ನು ಬರವಣಿಗೆಯಲ್ಲೇ ತರಿಸಿಕೊಳ್ಳಿ.

ಇನ್ನು ದೇಶ. ಹೋಗುವ ದೇಶ ಯಾವುದು ಎನ್ನುವುದರ ಮೇಲೆ ಸರಪಳಿಯ ಉದ್ದ ನಿಲ್ಲುತ್ತದೆ. 1961ರ ಅಕ್ಟೋಬರ್ 5ರಂದು ಹೇಗ್‌ನಲ್ಲಿ ಆದ ಒಪ್ಪಂದವೊಂದಿದೆ. ಅದಕ್ಕೆ ಸೇರಿದ ದೇಶಗಳು ರಾಯಭಾರ ಕಚೇರಿಯ ಮೆಟ್ಟಿಲನ್ನು ತೆಗೆದುಹಾಕಿ ಅದರ ಬದಲಿಗೆ ಒಂದೇ ಒಂದು ಚೀಟಿಯನ್ನು ಒಪ್ಪುತ್ತವೆ. ಆ ಚೀಟಿಯೇ ಅಪೊಸ್ಟಿಲ್. ಫ್ರೆಂಚಿನಲ್ಲಿ ಆ ಪದಕ್ಕೆ ಅಂಚಿನಲ್ಲಿ ಬರೆದ ಟಿಪ್ಪಣಿ ಎಂದರ್ಥ. ನಮ್ಮ ಕಚೇರಿ ಕಡತಗಳ ‘ಷರಾ’ ಇದ್ದ ಹಾಗೆ. ಭಾರತದಲ್ಲಿ ಈ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ. ಗಲ್ಫಿನವರಲ್ಲಿ ಒಮಾನ್ 2012ರಿಂದ, ಬಹರೇನ್ 2013ರ ಕೊನೆಯಿಂದ, ಸೌದಿ ಅರೇಬಿಯಾ 2022ರ ಡಿಸೆಂಬರ್ 7ರಿಂದ ಇದರೊಳಗಿವೆ. ಯುಎಇ, ಕುವೈತ್, ಕತಾರ್ ಈ ಬರಹದ ಹೊತ್ತಿಗೂ ಹೊರಗೇ ಇವೆ. ಅಲ್ಲಿಗೆ ಹೋಗುವ ಕಾಗದಕ್ಕೆ ರಾಯಭಾರ ಕಚೇರಿಯ ಮುದ್ರೆ ತಪ್ಪಿದ್ದಲ್ಲ. ಸೌದಿಗೆ ಹತ್ತು ವರ್ಷದ ಹಿಂದೆ ಹೋದ ಚಿಕ್ಕಪ್ಪನ ಅನುಭವ ಇವತ್ತು ಕೆಲಸಕ್ಕೆ ಬಾರದಿರುವುದು ಇದಕ್ಕೇ. ಆಗ ರಾಯಭಾರ ಕಚೇರಿಯ ಹಾದಿಯಿತ್ತು, ಈಗ ಚೀಟಿ ಸಾಕು.

ಸದಸ್ಯರ ಪಟ್ಟಿಯಲ್ಲಿ ದೇಶದ ಹೆಸರು ಇದೆ ಎಂದಾಕ್ಷಣ ನಿಶ್ಚಿಂತರಾಗುವ ಹಾಗೂ ಇಲ್ಲ. ಹೊಸದಾಗಿ ಸೇರುವ ದೇಶದ ಬಗ್ಗೆ ಹಳೆಯ ಸದಸ್ಯರು ಆಕ್ಷೇಪ ಎತ್ತಬಹುದು, ಎತ್ತಿದರೆ ಆ ಇಬ್ಬರ ನಡುವೆ ಒಪ್ಪಂದ ನಡೆಯುವುದಿಲ್ಲ. ಜರ್ಮನಿ ಭಾರತದ ವಿಷಯದಲ್ಲಿ ಹಾಗೇ ಮಾಡಿದೆ. ಚೀನಾ 2023ರ ನವೆಂಬರ್‌ನಲ್ಲಿ ಒಪ್ಪಂದದೊಳಗೆ ಬಂತಾದರೂ ಭಾರತ–ಚೀನಾ ನಡುವೆ ಅದು ಅನ್ವಯವಾಗುವುದಿಲ್ಲ. ಶಾಂಘೈಯ ಅಂತಾರಾಷ್ಟ್ರೀಯ ಶಾಲೆಗೆ ಗಣಿತ ಕಲಿಸಲು ಹೊರಟವರು ಹಳೆಯ ದಾರಿಯಲ್ಲೇ ನಡೆಯಬೇಕು. ದಕ್ಷಿಣ ಕೊರಿಯಾದ ಮಟ್ಟಿಗೆ ದಾರಿ ಸಲೀಸು, ಅಪೊಸ್ಟಿಲ್ ನಡೆಯುತ್ತದೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಆರ್ಥಿಕ ಒಪ್ಪಂದದಿಂದಾಗಿ ಶಿಕ್ಷಕ ತರಬೇತಿ ಪಡೆದ ಭಾರತೀಯರಿಗೆ ಅಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗುವ ಬಾಗಿಲೂ ಇದೆ.

ಈಗ ಕೆಳಗಿನ ಮೆಟ್ಟಿಲಿಗೆ ಬರೋಣ. ಕರ್ನಾಟಕದ ವಿಶ್ವವಿದ್ಯಾಲಯದ ಪದವಿಗೆ ರಾಜ್ಯ ಸರ್ಕಾರ ಠಸ್ಸೆ ಒತ್ತಬೇಕಾದರೆ ಮೊದಲು ಆ ವಿಶ್ವವಿದ್ಯಾಲಯವೇ ‘ಇದು ನಮ್ಮದು’ ಎನ್ನಬೇಕು. ಅದನ್ನು ಹೇಳುವವರು ಕುಲಸಚಿವರು (ಮೌಲ್ಯಮಾಪನ). ಕಾಲೇಜಿನ ಪ್ರಾಂಶುಪಾಲರಲ್ಲ. ಪುತ್ತೂರಿನಲ್ಲೋ ಸಾಗರದಲ್ಲೋ ಓದಿದ ಕಾಲೇಜಿಗೆ ಹೋಗಿ ಪ್ರಾಂಶುಪಾಲರಿಂದ ಎಷ್ಟೇ ಸಹಿ ಹಾಕಿಸಿದರೂ ಈ ಸರಪಳಿಯಲ್ಲಿ ಅದಕ್ಕೆ ಬೆಲೆಯಿಲ್ಲ, ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ. ಸ್ವಾಯತ್ತ ಕಾಲೇಜಿನಲ್ಲಿ ಓದಿದವರಿಗೆ ಮಾತ್ರ ಎರಡು ಕಡೆ ಓಡಾಟ: ಅಂಕಪಟ್ಟಿ ಹೊರಡಿಸಿದ್ದು ಕಾಲೇಜಿನ ಪರೀಕ್ಷಾ ನಿಯಂತ್ರಕರು, ಪದವಿ ಪತ್ರ ಕೊಟ್ಟದ್ದು ವಿಶ್ವವಿದ್ಯಾಲಯ.

ಅರ್ಜಿಯ ಜೊತೆ ಪದವಿ ಪತ್ರದ, ಎಲ್ಲ ಸೆಮಿಸ್ಟರ್ ಅಂಕಪಟ್ಟಿಗಳ ನಕಲು, ದಾಖಲೆಗಿಷ್ಟು ಎಂಬ ಶುಲ್ಕ ಕಟ್ಟಿದ ಚಲನ್. ರಿಜಿಸ್ಟರ್ ನಂಬರ್, ಕಾಲೇಜಿನ ಹೆಸರು, ಕೊನೆಯ ಪರೀಕ್ಷೆಯ ತಿಂಗಳು ಮತ್ತು ವರ್ಷ — ಈ ಮೂರರಲ್ಲಿ ಒಂದು ತಪ್ಪಿದರೂ ಗುಮಾಸ್ತರು ಲೆಡ್ಜರಿನಲ್ಲಿ ಹುಡುಕಲಾಗದೆ ಅರ್ಜಿಯನ್ನು ಬದಿಗಿಡುತ್ತಾರೆ. ಇತ್ತೀಚಿನ ವರ್ಷಗಳ ದಾಖಲೆ ಕಂಪ್ಯೂಟರಿನಲ್ಲಿ ಇರುವುದರಿಂದ ಬೇಗ ಆಗುತ್ತದೆ. ತೊಂಬತ್ತರ ದಶಕದ ಪದವಿಯಾದರೆ ಕೈಬರಹದ ದಪ್ಪ ಪುಸ್ತಕ ತೆಗೆಯಬೇಕು. ಅದು ಯಾವ ಕೋಣೆಯ ಯಾವ ಬೀರುವಿನಲ್ಲಿದೆ ಎಂದು ಗೊತ್ತಿರುವವರು ಒಬ್ಬರೋ ಇಬ್ಬರೋ. ಪರೀಕ್ಷೆ, ಮೌಲ್ಯಮಾಪನ ನಡೆಯುವ ತಿಂಗಳುಗಳಲ್ಲಿ ಅವರಿಗೂ ಪುರುಸೊತ್ತಿಲ್ಲ. ಒಟ್ಟು ಕೆಲಸದಲ್ಲಿ ಎಷ್ಟು ದಿನ ಎಂದು ಯಾರೂ ಖಚಿತವಾಗಿ ಹೇಳಲಾಗದ ಭಾಗ ಇದೊಂದೇ. ವಾರವೂ ಆಗಬಹುದು, ಎರಡು ತಿಂಗಳೂ ಆಗಬಹುದು.

ವಿಶ್ವವಿದ್ಯಾಲಯಗಳು ಒಡೆದು ಹಂಚಿಹೋದದ್ದರಿಂದ ಆಗುವ ಗೊಂದಲ ಇನ್ನೊಂದು. ಬೆಂಗಳೂರು ವಿಶ್ವವಿದ್ಯಾಲಯ 2017ರಲ್ಲಿ ಮೂರಾಯಿತು. ಕೋಲಾರದ ಕಾಲೇಜು ಈಗ ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂದು 2009ರ ಪದವೀಧರೆ ಅಲ್ಲಿಗೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ. ಬೆಳಗಾವಿಯಲ್ಲಿ 2010ರಲ್ಲಿ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಆಗುವ ಮೊದಲು ಪದವಿ ಪಡೆದವರು ಧಾರವಾಡಕ್ಕೇ ಹೋಗಬೇಕು. ನಿಯಮ ಸರಳ: ಪದವಿ ಪತ್ರದ ನೆತ್ತಿಯ ಮೇಲೆ ಯಾವ ಹೆಸರಿದೆಯೋ ಆ ಮನೆಯ ಬಾಗಿಲು ತಟ್ಟಬೇಕು. ರಾಜ್ಯದ ವಿಷಯದಲ್ಲೂ ಅಷ್ಟೆ. ನೀವು ಹುಟ್ಟಿದ್ದು, ಇರುವುದು ಮಂಗಳೂರಾದರೂ ಪದವಿ ಕಣ್ಣೂರು ವಿಶ್ವವಿದ್ಯಾಲಯದ್ದಾದರೆ ಠಸ್ಸೆ ಹಾಕುವುದು ಕೇರಳ ಸರ್ಕಾರ. ಪದವಿ ಕರ್ನಾಟಕದ್ದು, ಬಿ.ಎಡ್. ಬೇರೆ ರಾಜ್ಯದ್ದು ಎಂಬ ಮೇಷ್ಟ್ರುಗಳಿಗೆ ಎರಡು ರಾಜ್ಯಗಳಲ್ಲಿ ಎರಡು ಓಟ.

ಪ್ರೊವಿಷನಲ್ ಸರ್ಟಿಫಿಕೇಟ್ ಈ ಓಟದಲ್ಲಿ ಓಡದ ಕುದುರೆ. ‘ಘಟಿಕೋತ್ಸವಕ್ಕೆ ಹೋಗಲಿಲ್ಲ, ಪದವಿ ಪತ್ರ ತೆಗೆದುಕೊಳ್ಳಲೇ ಇಲ್ಲ, ತಾತ್ಕಾಲಿಕ ಪತ್ರದಲ್ಲೇ ಊರಿನಲ್ಲಿ ಕೆಲಸ ಸಿಕ್ಕಿತ್ತು’ ಎನ್ನುವವರು ಮೊದಲು ಘಟಿಕೋತ್ಸವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ವರ್ಷಗಳಾದ ಮೇಲೂ ದಂಡ ಕಟ್ಟಿಸಿಕೊಂಡು ಕೊಡುತ್ತಾರೆ. ಅದೇ ಹೊತ್ತಿಗೆ ವಿಶ್ವವಿದ್ಯಾಲಯದಿಂದ ಇನ್ನೊಂದು ಪತ್ರ ಬರೆಸಿಕೊಂಡರೆ ತತ್ಸಮಾನತೆಯ ಹಂತದಲ್ಲಿ ಮತ್ತೆ ಓಡಾಡುವುದು ತಪ್ಪುತ್ತದೆ: ಸೇರಿದ ದಿನಾಂಕ, ಮುಗಿಸಿದ ದಿನಾಂಕ, ತರಗತಿಗೆ ಹಾಜರಾಗಿ ಓದಿದ ರೆಗ್ಯುಲರ್ ಕೋರ್ಸು, ಓದಿದ ಊರು, ಬೋಧನಾ ಮಾಧ್ಯಮ. ಐದು ಸಾಲಿನ ಪತ್ರ. ಬೇಕಾಗುವುದು ಆರು ತಿಂಗಳ ಮೇಲಾದರೂ ಈಗಲೇ ತೆಗೆದಿಡುವುದು ಜಾಣತನ.

ಬಿ.ಎಡ್. ವಿಚಾರದಲ್ಲಿ ಒಂದು ಮಾತು. ಶಿಕ್ಷಕರ ತರಬೇತಿ ಕೋರ್ಸುಗಳಿಗೆ ನಿಯಮ ಮಾಡುವ ಕೇಂದ್ರದ ಮಂಡಳಿ ಎನ್‌ಸಿಟಿಇಯ 2014ರ ನಿಯಮಗಳ ನಂತರ, 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು, ಅದಕ್ಕೂ ಹಿಂದಿನದು ಒಂದು ವರ್ಷದ್ದು. ಹೊರದೇಶದ ಅಧಿಕಾರಿಗೆ ಈ ಇತಿಹಾಸ ಗೊತ್ತಿರುವುದಿಲ್ಲ. 2011ರ ಬಿ.ಎಡ್. ನೋಡಿ ‘ಒಂದೇ ವರ್ಷವೇ’ ಎಂದು ಹುಬ್ಬೇರಿಸಿದರೆ, ಆಗ ದೇಶದಲ್ಲೆಲ್ಲ ಕೋರ್ಸಿನ ಅವಧಿಯೇ ಅಷ್ಟಿತ್ತು ಎಂದು ವಿಶ್ವವಿದ್ಯಾಲಯದ ಪತ್ರ ಹೇಳಬೇಕು. ಮುಕ್ತ ವಿಶ್ವವಿದ್ಯಾಲಯದ ಪದವಿಗೆ ಇನ್ನೂ ಒಂದು ಕಣ್ಣು ಹೆಚ್ಚು: ಸೇರಿದ ವರ್ಷದಲ್ಲಿ ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇತ್ತೇ ಎಂದು ಕೇಳುತ್ತಾರೆ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ ನಡುವೆ ಮಾನ್ಯತೆ ತಪ್ಪಿ 2018ರಲ್ಲಿ ಮರಳಿ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಓದಿದವರು ತಮ್ಮ ಪ್ರವೇಶದ ವರ್ಷಕ್ಕೆ ಸಂಬಂಧಿಸಿದ ಆದೇಶದ ಪ್ರತಿಯನ್ನು ಕೈಯಲ್ಲಿಟ್ಟುಕೊಂಡೇ ಹೊರಡಬೇಕು.

ಇನ್ನು ಹೆಸರು. ಕನ್ನಡಿಗರ ಪದವಿ ಪತ್ರಗಳನ್ನು ಸಿಕ್ಕಿಹಾಕಿಸುವುದರಲ್ಲಿ ಇದಕ್ಕೆ ಸಮನಾದುದು ಬೇರಿಲ್ಲ. ಉದಾಹರಣೆಗೆ ಎಚ್.ಎಸ್. ಸವಿತಾ ಎಂದಿಟ್ಟುಕೊಳ್ಳಿ. ಎಚ್ ಅಂದರೆ ಹೊಳೆನರಸೀಪುರ, ಎಸ್ ಅಂದರೆ ಅಪ್ಪ ಶಿವಲಿಂಗೇಗೌಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ‘ಸವಿತ’ ಎಂದು ಬರೆದು ಇನಿಷಿಯಲ್ ಕೊನೆಗೆ ಹಾಕಿದ್ದಾರೆ. ಪಿಯುಸಿಯಲ್ಲಿ ಇನಿಷಿಯಲ್ ಮೊದಲಿಗೆ ಬಂದಿದೆ. ಪದವಿಯಲ್ಲಿ ‘ತ’ ಹೋಗಿ ‘ಥ’ ಬಂದಿದೆ, ಅಂದರೆ ಒಂದು ಎಚ್ ಹೆಚ್ಚಾಗಿದೆ. ಪಾಸ್‌ಪೋರ್ಟಿನವರು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತಾರೆ. ಹೀಗಾಗಿ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ‘ಹೊಳೆನರಸೀಪುರ ಶಿವಲಿಂಗೇಗೌಡ’ ಕುಳಿತಿದೆ. ಮದುವೆಯ ನಂತರ ಮಾಡಿದ ಬಿ.ಎಡ್.ನಲ್ಲಿ ಗಂಡನ ಹೆಸರು ಸೇರಿದೆ. ಊರಲ್ಲಿ ಯಾರಿಗೂ ಇದು ಸಮಸ್ಯೆಯೇ ಅಲ್ಲ. ಅಬುಧಾಬಿಯ ಕಚೇರಿಯಲ್ಲಿ ಕುಳಿತವರಿಗೆ ಇವರು ಐವರು ಬೇರೆ ಹೆಂಗಸರು. ಊರಿನ ಹೆಸರು ಮನುಷ್ಯರ ಹೆಸರಿನೊಳಗೆ ಯಾಕೆ ಬಂತು ಎಂದು ಅವರಿಗೆ ವಿವರಿಸಲು ಅರ್ಜಿಯಲ್ಲಿ ಜಾಗವೂ ಇರುವುದಿಲ್ಲ.

ಎಲ್ಲರೂ ಹೇಳುವ ಪರಿಹಾರ ನೋಟರಿ ಅಫಿಡವಿಟ್: ‘ಈ ಎಲ್ಲ ಹೆಸರಿನವರೂ ನಾನೊಬ್ಬಳೇ’ ಎಂಬ ಪ್ರಮಾಣಪತ್ರ. ಕೆಲಸ ಆಗುತ್ತದೆ, ಆದರೆ ಅದರ ಬೆಲೆ ಲೆಕ್ಕ ಹಾಕಿದವರು ಕಡಿಮೆ. ಹೊರದೇಶದಲ್ಲಿ ಆ ಅಫಿಡವಿಟ್ ಒಪ್ಪಬೇಕಾದರೆ ಅದಕ್ಕೂ ಇದೇ ಸರಪಳಿ ಬೇಕು. ಅದು ಶೈಕ್ಷಣಿಕ ದಾಖಲೆಯಲ್ಲ, ವೈಯಕ್ತಿಕ ದಾಖಲೆ. ಹಾಗಾಗಿ ಶಿಕ್ಷಣ ಇಲಾಖೆಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿ ಮುಟ್ಟಬೇಕು. ಒಂದು ಅಕ್ಷರಕ್ಕಾಗಿ ಎರಡನೆಯ ಸರಪಳಿ. ವ್ಯತ್ಯಾಸ ಪದವಿ ಪತ್ರದಲ್ಲಿ ಮಾತ್ರ ಇದ್ದು ಎಸ್ಸೆಸ್ಸೆಲ್ಸಿಯಲ್ಲಿ ಸರಿಯಿದ್ದರೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತೋರಿಸಿ ಪದವಿಯ ಹೆಸರನ್ನೇ ತಿದ್ದಿಸುವುದು ನನ್ನ ಲೆಕ್ಕದಲ್ಲಿ ಉತ್ತಮ. ವಿಶ್ವವಿದ್ಯಾಲಯಗಳು ಹೆಸರಿನ ಮಟ್ಟಿಗೆ ನಂಬುವುದು ಆ ಒಂದು ಕಾಗದವನ್ನು. ತಡವಾಗುತ್ತದೆ, ಆದರೆ ಒಮ್ಮೆ ಆದರೆ ಮುಗಿಯಿತು. ಎಸ್ಸೆಸ್ಸೆಲ್ಸಿಯಲ್ಲೇ ತಪ್ಪಿದ್ದರೆ ಅದನ್ನು ಹಿಡಿದುಕೊಂಡು ಮೇಲಿನದನ್ನೆಲ್ಲ ತಿದ್ದಿಸಲು ಹೋಗುವುದಕ್ಕಿಂತ, ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲವಾದರೆ ಅದನ್ನೇ ಎಸ್ಸೆಸ್ಸೆಲ್ಸಿಯ ಕಾಗುಣಿತಕ್ಕೆ ಹೊಂದಿಸುವುದು ಸುಲಭ.

ರಾಜ್ಯದ ಮೆಟ್ಟಿಲನ್ನು ಏಜೆಂಟರ ಭಾಷೆಯಲ್ಲಿ ‘ಎಚ್‌ಆರ್‌ಡಿ’ ಅನ್ನುತ್ತಾರೆ. ಕೇಂದ್ರದ ಆ ಹೆಸರಿನ (ಮಾನವ ಸಂಪನ್ಮೂಲ ಅಭಿವೃದ್ಧಿ) ಸಚಿವಾಲಯ 2020ರಲ್ಲೇ ಶಿಕ್ಷಣ ಸಚಿವಾಲಯವಾಯಿತು. ರಾಜ್ಯದಲ್ಲಿ ಈ ಕೆಲಸ ಮಾಡುವುದಂತೂ ಉನ್ನತ ಶಿಕ್ಷಣ ಇಲಾಖೆ, ಬೆಂಗಳೂರಿನ ಎಂ.ಎಸ್. ಬಿಲ್ಡಿಂಗಿನಲ್ಲಿ ಇರುವಂಥದ್ದು. ಆದರೂ ಹೆಸರು ಅಂಟಿಕೊಂಡಿದೆ. ಇದಕ್ಕೆ ಎದುರಾಗಿ ‘ಎಸ್‌ಡಿಎಂ’ ಎಂಬ ಇನ್ನೊಂದು ದಾರಿಯನ್ನೂ ಏಜೆಂಟರು ಮುಂದಿಡುತ್ತಾರೆ: ವಿಶ್ವವಿದ್ಯಾಲಯ, ರಾಜ್ಯ ಎರಡನ್ನೂ ಬಿಟ್ಟು ದೆಹಲಿಯ ಉಪವಿಭಾಗಾಧಿಕಾರಿಯ ಸಹಿ ಹಾಕಿಸಿ ನೇರ ವಿದೇಶಾಂಗ ಸಚಿವಾಲಯಕ್ಕೆ. ಬೇಗ ಆಗುತ್ತದೆ, ಅಗ್ಗವೂ ಹೌದು. ಆದರೆ ಪದವಿ ಅಸಲಿಯೋ ಎಂದು ವಿಶ್ವವಿದ್ಯಾಲಯವನ್ನು ಯಾರೂ ಕೇಳಿರುವುದಿಲ್ಲ. ಗುಮಾಸ್ತಿಕೆ, ಅಂಗಡಿ ಕೆಲಸದ ವೀಸಾಕ್ಕೆ ಅದು ನಡೆದುಹೋದೀತು. ಶಿಕ್ಷಕರ ಕಾಗದ ಮುಂದೆ ಶಿಕ್ಷಣ ಪ್ರಾಧಿಕಾರದ ಕಣ್ಣಿಗೆ ಬೀಳುವಂಥದ್ದು. ಅಲ್ಲಿ ಬಿದ್ದುಹೋದರೆ ಮತ್ತೆ ಮೊದಲಿನಿಂದ. ಮೇಷ್ಟ್ರುಗಳು ಆ ಅಡ್ಡದಾರಿಗೆ ಹೋಗದಿರುವುದು ಲೇಸು.

ಎಸ್ಸೆಸ್ಸೆಲ್ಸಿ, ಪಿಯುಸಿ, ಡಿ.ಎಡ್. ಕಾಗದಗಳು ವಿಶ್ವವಿದ್ಯಾಲಯದವಲ್ಲ, ಹಾಗಾಗಿ ಅವುಗಳ ಪರಿಶೀಲನೆ ಶಾಲಾ ಶಿಕ್ಷಣದ ಕಡೆಯದು. ಎಸ್ಸೆಸ್ಸೆಲ್ಸಿ ಮಂಡಳಿ ಮತ್ತು ಪಿಯು ಪರೀಕ್ಷಾ ವಿಭಾಗ 2022ರಲ್ಲಿ ಒಂದಾಗಿ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯಾಗಿದೆ, ಹಳೆಯ ಅಂಕಪಟ್ಟಿಗೂ ಈಗ ಅದೇ ದಿಕ್ಕು. ಖಾಸಗಿ ಶಾಲೆಯಲ್ಲಿ ಪಾಠ ಮಾಡಿದ ಅನುಭವ ಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಬಿಇಒ ಮೇಲುರುಜು ಹಾಕಿಸಿಟ್ಟುಕೊಳ್ಳಿ. ಶಾಲೆ ಮುಚ್ಚಿಹೋದ ಮೇಲೆ ಅದನ್ನು ಹುಟ್ಟಿಸುವುದು ಬ್ರಹ್ಮನಿಗೂ ಕಷ್ಟ.

ವಿದೇಶಾಂಗ ಸಚಿವಾಲಯದ ಹಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅಲ್ಲಿ ಕೆಲಸ ಚುರುಕು. 2012ರಿಂದ ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುತ್ತಿಲ್ಲ. ಸಚಿವಾಲಯ ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು, ಅವುಗಳ ಪಟ್ಟಿ ಅದರ ಜಾಲತಾಣದಲ್ಲಿದೆ. 2019ರ ಜನವರಿಯಿಂದ ಈ ಕೆಲಸ ದೆಹಲಿಗಷ್ಟೇ ಸೀಮಿತವಲ್ಲ, ಬೆಂಗಳೂರಿನಲ್ಲೂ ಆಗುತ್ತದೆ. ಸಾಮಾನ್ಯ ಅಟೆಸ್ಟೇಶನ್‌ಗೆ ಸರ್ಕಾರದ ಶುಲ್ಕವೇ ಇಲ್ಲ, ಅಪೊಸ್ಟಿಲ್‌ಗೆ ದಾಖಲೆಯೊಂದಕ್ಕೆ 50 ರೂಪಾಯಿ. ಅದರ ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಊರಿನ ಟ್ರಾವೆಲ್ಸ್ ಅಂಗಡಿಯಲ್ಲಿ ಇದಕ್ಕೇ ಸಾವಿರಗಟ್ಟಲೆ ಹೇಳಿದರೆ ಆ ಹಣ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ರಾಯಭಾರ ಕಚೇರಿಯ ಶುಲ್ಕ ನಿಜವಾಗಿಯೂ ದೊಡ್ಡದು, ಅದರ ರಸೀದಿ ಕೇಳಿದರೆ ಪ್ರಾಮಾಣಿಕ ಏಜೆಂಟ್ ಬೇಸರ ಮಾಡಿಕೊಳ್ಳುವುದಿಲ್ಲ. ‘ವಿಶ್ವವಿದ್ಯಾಲಯಕ್ಕೆ ಹೋಗೋದೇ ಬೇಡ ಸಾರ್, ನಾಲ್ಕು ದಿನದಲ್ಲಿ ಎಲ್ಲ ಮಾಡಿಸಿಕೊಡ್ತೀವಿ’ ಎನ್ನುವವರ ಹತ್ತಿರ ಪದವಿ ಪತ್ರ ಕೊಡಬೇಡಿ. ನಾಲ್ಕು ದಿನದಲ್ಲಿ ಸಿಗುವುದು ಎಸ್‌ಡಿಎಂ ಸಹಿ, ಇಲ್ಲವೇ ಖೋಟಾ ಠಸ್ಸೆ. ಖೋಟಾ ಠಸ್ಸೆ ಸಿಕ್ಕಿಬಿದ್ದರೆ ಆರೋಪಿ ಏಜೆಂಟಲ್ಲ, ಪಾಸ್‌ಪೋರ್ಟಿನಲ್ಲಿ ಹೆಸರಿರುವವರು.

ಅಪೊಸ್ಟಿಲ್ ಚೀಟಿ ಕೈಗೆ ಬಂದಾಗ ಒಂದು ನಿಮಿಷ ಓದಿ. ಒಪ್ಪಂದದ ಮಾದರಿಯ ಪ್ರಕಾರ ಅದು ಬದಿಗೆ ಕನಿಷ್ಠ 9 ಸೆಂಟಿಮೀಟರಿನ ಚೌಕ, ನೆತ್ತಿಯಲ್ಲಿ ಫ್ರೆಂಚ್ ಶೀರ್ಷಿಕೆ, ಕೆಳಗೆ 10 ಅಂಕಿ ಹಾಕಿದ ಸಾಲುಗಳು. ಎರಡನೆಯ ಸಾಲು ಸಹಿ ಮಾಡಿದವರು ಯಾರು, ಮೂರನೆಯದು ಅವರ ಹುದ್ದೆ. ಅಲ್ಲಿ ನಿಮ್ಮ ಕುಲಪತಿಗಳ ಹೆಸರು ಇರುವುದಿಲ್ಲ, ರಾಜ್ಯದ ಅಧಿಕಾರಿಯ ಹೆಸರಿರುತ್ತದೆ. ಮೊದಲ ಬಾರಿ ನೋಡಿದವರು ‘ತಪ್ಪು ಬರೆದಿದ್ದಾರೆ’ ಎಂದು ಗಾಬರಿಯಾಗುತ್ತಾರೆ. ತಪ್ಪಲ್ಲ, ಸರಪಳಿಯಲ್ಲಿ ಹಿಂದಿನ ಕೊಂಡಿ ಅವರೇ. ಎಂಟನೆಯ ಸಾಲಿನ ಸಂಖ್ಯೆಯನ್ನು ಸಚಿವಾಲಯದ ಜಾಲತಾಣದಲ್ಲಿ ಹಾಕಿ ಹೊಂದುತ್ತದೆಯೇ ನೋಡಿಕೊಳ್ಳಬಹುದು.

ಇ-ಸನದ್ ಎಂಬ ವ್ಯವಸ್ಥೆಯೂ ಇದೆ. ದಾಖಲೆಯನ್ನು ಆನ್‌ಲೈನಿನಲ್ಲೇ ಹೊರಡಿಸಿದವರು ಪರಿಶೀಲಿಸಿ, ಸಚಿವಾಲಯ ಅದರ ಮುದ್ರಿತ ಪ್ರತಿಗೆ ಮೊಹರು ಹಾಕಿ ಅಂಚೆಯಲ್ಲಿ ಕಳಿಸುತ್ತದೆ. ನಿಮ್ಮ ವಿಶ್ವವಿದ್ಯಾಲಯ ಅದಕ್ಕೆ ಸೇರಿದ್ದು, ನಿಮ್ಮ ವರ್ಷದ ಪದವಿ ಡಿಜಿಲಾಕರ್‌ನಲ್ಲಿ ಕಾಣುತ್ತಿದ್ದರೆ ಓಡಾಟ ಬಹಳಷ್ಟು ಉಳಿಯುತ್ತದೆ. ಮುಂದುವರಿಯುವ ಮೊದಲು ಶಾಲೆಯವರಿಗೆ ಮೂಲ ಪದವಿ ಪತ್ರದ ಮೇಲೇ ಮುದ್ರೆ ಬೇಕೋ, ಪ್ರತಿಯ ಮೇಲಾದರೂ ನಡೆಯುತ್ತದೋ ಎಂದು ಕೇಳಿಕೊಳ್ಳುವುದೊಂದು ಬಾಕಿ.

ಲ್ಯಾಮಿನೇಶನ್! ಮಕ್ಕಳ ಪದವಿ ಪತ್ರ ಹಾಳಾಗಬಾರದೆಂದು ಅಪ್ಪ–ಅಮ್ಮ ಪ್ರೀತಿಯಿಂದ ಮಾಡಿಸಿದ್ದು. ಪ್ಲಾಸ್ಟಿಕ್ ಮೇಲೆ ಠಸ್ಸೆಯ ಶಾಯಿ ನಿಲ್ಲುವುದಿಲ್ಲ, ಯಾವ ಕಚೇರಿಯೂ ಮುಟ್ಟುವುದಿಲ್ಲ. ಅಂಚು ಮಾತ್ರ ಅಂಟಿಸಿದ ಪೌಚ್ ಆದರೆ ಅಂಚಿನ ಹೊರಗೆ, ಕಾಗದ ಮುಗಿದ ಮೇಲಿನ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿದರೆ ಕಾಗದ ಜಾರಿ ಬರುತ್ತದೆ. ಬಿಸಿಯಿಂದ ಕಾಗದಕ್ಕೇ ಅಂಟಿಸಿದ್ದಾದರೆ ಎಳೆದಾಗ ಅಕ್ಷರವೂ ಪ್ಲಾಸ್ಟಿಕ್ ಜೊತೆ ಎದ್ದುಬರುತ್ತದೆ, ಮೊದಲು ಹೋಗುವುದೇ ಕುಲಪತಿಗಳ ಸಹಿ. ಆ ಸಾಹಸಕ್ಕಿಂತ ವಿಶ್ವವಿದ್ಯಾಲಯದಿಂದ ಎರಡನೇ ಪ್ರತಿ ತೆಗೆಸುವುದು ಮೇಲು. ‘ಡುಪ್ಲಿಕೇಟ್’ ಎಂದು ಮುದ್ರೆಯಿದ್ದರೂ ವಿಶ್ವವಿದ್ಯಾಲಯ ತನ್ನದೆಂದು ಒಪ್ಪಿಕೊಂಡ ಕಾಗದ ಅದು, ಸರಪಳಿಗೆ ಅಷ್ಟೇ ಬೇಕು. ಕಳೆದುಹೋಗಿದ್ದರೆ ಪೊಲೀಸ್ ದೂರು, ಅಫಿಡವಿಟ್ ಸೇರಿಸಿ ಅರ್ಜಿ. ಮತ್ತೊಂದು: ಕೊಡುವ ಮೊದಲು ಹಿಂದೆ ಮುಂದೆ ಬಣ್ಣದ ಸ್ಕ್ಯಾನ್ ತೆಗೆದಿಡಿ, ಕಾಗದ ಮಡಿಸಬೇಡಿ, ಬೆನ್ನಿನ ಮೇಲೆ ಪೆನ್ಸಿಲಿನಲ್ಲೂ ಏನೂ ಬರೆಯಬೇಡಿ. ಜಾಗ ಬೇಕು ಅಲ್ಲಿ.

ಯುಎಇಯ ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುತ್ತವೆ, ಬ್ರಿಟಿಷ್ ಅಮೆರಿಕನ್ ಪಠ್ಯಕ್ರಮದವು ಆಗಸ್ಟ್ ಕೊನೆಗೆ. ಏಪ್ರಿಲ್‌ಗೆ ಸೇರಬೇಕಾದವರು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕಾದದ್ದು ನವೆಂಬರಿನಲ್ಲಿ. ಆಫರ್ ಲೆಟರ್ ಬಂದ ಮೇಲೆ ನೋಡೋಣ ಎಂದರೆ ಫೆಬ್ರುವರಿ ಆಗಿರುತ್ತದೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನು ಮಾತ್ರ ಅಷ್ಟು ಮೊದಲೇ ತೆಗೆಸಬೇಡಿ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಸಿಗುವ ಆ ಕಾಗದಕ್ಕೆ ಆಯುಸ್ಸು ಕಡಿಮೆ, ಆರು ತಿಂಗಳಿಗಿಂತ ಹಳೆಯದನ್ನು ಒಪ್ಪದ ಕಚೇರಿಗಳೇ ಹೆಚ್ಚು. ಪದವಿಗೆ ಬಿದ್ದ ಮುದ್ರೆ ಹಳಸುವುದಿಲ್ಲ, ಅದನ್ನು ಎಷ್ಟು ಬೇಗ ಮಾಡಿಸಿದರೂ ನಷ್ಟವಿಲ್ಲ.

ದುಬೈ ತಲುಪಿದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆಗೆ ಪ್ರಮಾಣಪತ್ರವೊಂದಕ್ಕೆ 150 ದಿರ್ಹಂ. ಆಮೇಲೆ ತತ್ಸಮಾನತೆ, ದುಬೈಯಾದರೆ ಕೆಎಚ್‌ಡಿಎ, ಅಬುಧಾಬಿಯಾದರೆ ಅಡೆಕ್ ಎಂಬ ಶಿಕ್ಷಣ ಪ್ರಾಧಿಕಾರದ ಮುಂದೆ ನೇಮಕಾತಿಯ ಅನುಮೋದನೆ. ಇದರ ನಡುವೆ ಎಲ್ಲೋ ಒಂದು ಕಡೆ ‘ಅರಬ್ಬಿ ಅನುವಾದ ಕೊಡಿ’ ಎನ್ನುತ್ತಾರೆ, ಪರವಾನಗಿ ಇರುವ ಅನುವಾದಕರಿಂದ. ಅಲ್ಲಿ ಹೆಸರು ಇನ್ನೊಮ್ಮೆ ತಲೆ ಎತ್ತುತ್ತದೆ. ಅರಬ್ಬಿ ಲಿಪಿಯಲ್ಲಿ ‘ಪ’ ಇಲ್ಲ, ‘ಳ’ ಇಲ್ಲ, ‘ಗ’ಕ್ಕೆ ಒಬ್ಬೊಬ್ಬರು ಒಂದೊಂದು ಅಕ್ಷರ ಬಳಸುತ್ತಾರೆ. ಹೊಳೆನರಸೀಪುರ ಶಿವಲಿಂಗೇಗೌಡ ಎಂಬುದನ್ನು ಮೂವರು ಅನುವಾದಕರಿಗೆ ಕೊಟ್ಟರೆ ಮೂರು ಹೆಸರು ಬರುತ್ತವೆ. ವೀಸಾ ಆಗುವಾಗಲೇ ಎಮಿರೇಟ್ಸ್ ಐಡಿಯಲ್ಲಿ ನಿಮ್ಮ ಹೆಸರು ಅರಬ್ಬಿಯಲ್ಲಿ ಒಂದು ರೂಪ ಪಡೆದಿರುತ್ತದೆ. ಆ ಕಾರ್ಡಿನ ನಕಲನ್ನು ಪದವಿ ಪತ್ರದ ಜೊತೆಗಿಟ್ಟು, ಇದರಲ್ಲಿರುವ ಹಾಗೆಯೇ ಬರೆಯಿರಿ ಎಂದು ಅನುವಾದಕರಿಗೆ ಹೇಳಿ.